ಕ್ಯಾಮ್‌ಕಾರ್ಡರ್ ಸಂಪರ್ಕ ಕೇಬಲ್

ಕ್ಯಾಮ್‌ಕಾರ್ಡರ್ ಸಂಪರ್ಕ ಕೇಬಲ್ ಎಂದರೆ ಕ್ಯಾಮ್‌ಕಾರ್ಡರ್‌ನಲ್ಲಿ ಚಿತ್ರೀಕರಿಸಿದ ದೃಶ್ಯ ಮತ್ತು ಧ್ವನಿಯನ್ನು ಕಂಪ್ಯೂಟರಿಗೆ ವರ್ಗಾಯಿಸಲು ಬಳಸುವ ತಂತಿ. ಇದು ಒಂದೇ ಬಗೆಯ ಕೇಬಲ್ ಅಲ್ಲ. ಸಂಯೋಜಿತ ವಿಡಿಯೊ, ಎಸ್-ವಿಡಿಯೊ, ಫೈರ್‌ವೈರ್ (ಐಇಇಇ 1394), ಯುಎಸ್‌ಬಿ ಮತ್ತು ಎಚ್‌ಡಿಎಂಐ ಇವು ಬೇರೆ ಬೇರೆ ಕಾಲದ ಕ್ಯಾಮ್‌ಕಾರ್ಡರ್‌ಗಳಲ್ಲಿ ಕಂಡುಬರುವ ಮುಖ್ಯ ಬಗೆಗಳು. ಯಾವ ಕೇಬಲ್ ಬೇಕೆಂಬುದು ಕ್ಯಾಮೆರಾದಲ್ಲಿ ಯಾವ ತೂತಿಗೆ ಯಾವ ಪ್ಲಗ್ ಹಿಡಿಸುತ್ತದೆ ಎಂಬುದರಿಂದ ಮಾತ್ರ ನಿರ್ಧಾರವಾಗುವುದಿಲ್ಲ. ದೃಶ್ಯವು ಅನಲಾಗ್ ಟೇಪಿನಲ್ಲಿದೆಯೇ, ಡಿಜಿಟಲ್ ಟೇಪಿನಲ್ಲಿದೆಯೇ ಅಥವಾ ಮೆಮೊರಿ ಕಾರ್ಡಿನಲ್ಲಿ ಕಡತವಾಗಿದೆಯೇ ಎಂಬುದು ಮೊದಲ ಪ್ರಶ್ನೆ. ಕಂಪ್ಯೂಟರಿನಲ್ಲಿ ಅದಕ್ಕೆ ಹೊಂದುವ ಪೋರ್ಟ್ ಇದೆಯೇ ಎಂಬುದು ಎರಡನೆಯ ಪ್ರಶ್ನೆ.

ಟೇಪ್ ಬಳಸುವ ಕ್ಯಾಮ್‌ಕಾರ್ಡರ್‌ಗಳ ತಯಾರಿಕೆ ಈಗ ನಿಂತಿದೆ. ಅವುಗಳಿಗೆ ಬೇಕಾದ ಪೋರ್ಟ್‌ಗಳೂ ಹೊಸ ಕಂಪ್ಯೂಟರ್‌ಗಳಿಂದ ಮರೆಯಾಗಿವೆ. ಆದ್ದರಿಂದ ಮನೆಗಳಲ್ಲಿ ಉಳಿದಿರುವ ಹಳೆಯ ಕ್ಯಾಸೆಟ್‌ಗಳನ್ನು ಉಳಿಸಿಕೊಳ್ಳುವ ಕೆಲಸದಲ್ಲಿ ಸರಿಯಾದ ಕೇಬಲ್ಲಿನ ಆಯ್ಕೆ ಮುಖ್ಯ ಹಂತವಾಗಿದೆ.

## ಇತಿಹಾಸ

ಮನೆಬಳಕೆಯ ಮೊದಲ ಕ್ಯಾಮ್‌ಕಾರ್ಡರ್ ಆದ ಬೀಟಾಮೂವಿಯನ್ನು ಸೋನಿ ಕಂಪನಿ 1983ರಲ್ಲಿ ಮಾರುಕಟ್ಟೆಗೆ ತಂದಿತು. 1984ರಲ್ಲಿ ಜೆವಿಸಿ ಕಂಪನಿ ಚಿಕ್ಕ ವಿಎಚ್‌ಎಸ್-ಸಿ ಕ್ಯಾಸೆಟ್ ಬಳಸುವ ಕ್ಯಾಮ್‌ಕಾರ್ಡರನ್ನು ಬಿಡುಗಡೆ ಮಾಡಿತು. 1985ರಲ್ಲಿ ಸೋನಿಯ ವಿಡಿಯೊ8 ಮಾದರಿಗಳೂ, 1989ರಲ್ಲಿ ಅದರ ಸುಧಾರಿತ ರೂಪವಾದ ಹೈ8 ಕೂಡ ಬಂದವು. ಇವೆಲ್ಲವೂ ಅನಲಾಗ್ ವಿಧಾನಗಳು. ಆ ಕಾಲದಲ್ಲಿ ಕ್ಯಾಮೆರಾದಿಂದ ಹೊರಡುವ ತಂತಿ ಸೇರುತ್ತಿದ್ದುದು ಟಿವಿ ಅಥವಾ ವಿಸಿಆರ್‌ಗೆ. ಕಂಪ್ಯೂಟರಿಗೆ ಜೋಡಿಸುವುದು ಅಪರೂಪವಾಗಿತ್ತು.

1995 ಈ ಇತಿಹಾಸದ ತಿರುವು. ಡಿವಿ ಎಂಬ ಡಿಜಿಟಲ್ ದಾಖಲೆ ವಿಧಾನವೂ ಐಇಇಇ 1394 ಎಂಬ ಸಂಪರ್ಕ ಮಾನದಂಡವೂ ಅದೇ ವರ್ಷ ಬಂದವು. ಈ ಸಂಪರ್ಕವನ್ನು ಆ್ಯಪಲ್ ಕಂಪನಿ 'ಫೈರ್‌ವೈರ್' ಎಂದೂ ಸೋನಿ 'ಐ.ಲಿಂಕ್' ಎಂದೂ ಕರೆದವು. ಅನೇಕ ಕ್ಯಾಮೆರಾಗಳ ಮೇಲೆ ಬರೀ 'ಡಿವಿ' ಎಂದು ಬರೆದಿರುತ್ತಿತ್ತು. ಮೂರು ಹೆಸರುಗಳೂ ಒಂದೇ ಸಂಪರ್ಕವನ್ನು ಸೂಚಿಸುತ್ತವೆ. 1999ರಲ್ಲಿ ಡಿಜಿಟಲ್8, 2003ರಲ್ಲಿ ಹೈ-ಡೆಫಿನಿಷನ್ ದೃಶ್ಯವನ್ನು ಮಿನಿಡಿವಿ ಟೇಪಿನಲ್ಲೇ ದಾಖಲಿಸುವ ಎಚ್‌ಡಿವಿ ಬಂದವು. 2006ರಲ್ಲಿ ಸೋನಿ ಮತ್ತು ಪ್ಯಾನಾಸೋನಿಕ್ ಕಂಪನಿಗಳು ಎವಿಸಿಎಚ್‌ಡಿ ವಿಧಾನವನ್ನು ಪ್ರಕಟಿಸಿದವು. ಆ ಬಳಿಕ ದೃಶ್ಯಗಳು ಮೆಮೊರಿ ಕಾರ್ಡು ಮತ್ತು ಹಾರ್ಡ್ ಡಿಸ್ಕ್‌ಗಳಲ್ಲಿ ಕಡತಗಳಾಗಿ ಸಂಗ್ರಹವಾಗತೊಡಗಿದವು. ಹೀಗೆ ಯುಎಸ್‌ಬಿ ಮುಖ್ಯ ಸಂಪರ್ಕವಾಯಿತು.

## ಆಯ್ಕೆಯ ಆಧಾರ

ಕ್ಯಾಮ್‌ಕಾರ್ಡರ್‌ನಿಂದ ಕಂಪ್ಯೂಟರಿಗೆ ದೃಶ್ಯ ಸಾಗುವ ವಿಧಾನಗಳು ಮೂರು.

* ಪರಿವರ್ತನೆ: ಅನಲಾಗ್ ಟೇಪಿನ ವಿದ್ಯುತ್ ಸಂಕೇತವನ್ನು ಹೊರಗಿನ ಸಾಧನವೊಂದು ಅಂಕಿಗಳಾಗಿ ಮಾರ್ಪಡಿಸುತ್ತದೆ. ಕೇಬಲ್ ಮಾತ್ರದಿಂದ ಇದು ಸಾಧ್ಯವಿಲ್ಲ.
* ಪ್ರವಾಹ: ಡಿಜಿಟಲ್ ಟೇಪಿನಲ್ಲಿರುವ ದತ್ತಾಂಶವು ಟೇಪ್ ಓಡುವ ವೇಗದಲ್ಲೇ ಕಂಪ್ಯೂಟರಿಗೆ ಹರಿಯುತ್ತದೆ. ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆಯೇ ಬೇಕು.
* ನಕಲು: ಕಾರ್ಡು ಅಥವಾ ಡಿಸ್ಕ್‌ನಲ್ಲಿರುವ ಕಡತಗಳು ಪೆನ್‌ಡ್ರೈವ್‌ನಿಂದ ನಕಲಾಗುವಂತೆಯೇ ನಕಲಾಗುತ್ತವೆ.

ಮೊದಲನೆಯದಕ್ಕೆ ಎವಿ ಕೇಬಲ್ ಮತ್ತು ಕ್ಯಾಪ್ಚರ್ ಸಾಧನ, ಎರಡನೆಯದಕ್ಕೆ ಫೈರ್‌ವೈರ್, ಮೂರನೆಯದಕ್ಕೆ ಯುಎಸ್‌ಬಿ ಎಂಬುದು ಸಾಮಾನ್ಯ ನಿಯಮ.

## ಅನಲಾಗ್ ಕೇಬಲ್‌ಗಳು

ವಿಎಚ್‌ಎಸ್, ವಿಎಚ್‌ಎಸ್-ಸಿ, ವಿಡಿಯೊ8 ಮತ್ತು ಹೈ8 ಕ್ಯಾಮ್‌ಕಾರ್ಡರ್‌ಗಳಿಗೆ ಈ ಕೇಬಲ್‌ಗಳು ಬೇಕು. ಸಂಯೋಜಿತ ವಿಡಿಯೊ ಕೇಬಲ್ಲಿನಲ್ಲಿ ಹಳದಿ ಪ್ಲಗ್ ಚಿತ್ರವನ್ನೂ ಬಿಳಿ ಪ್ಲಗ್ ಎಡಬದಿಯ ಧ್ವನಿಯನ್ನೂ ಕೆಂಪು ಪ್ಲಗ್ ಬಲಬದಿಯ ಧ್ವನಿಯನ್ನೂ ಸಾಗಿಸುತ್ತವೆ. ಇದರಲ್ಲಿ ಬೆಳಕಿನ ಮತ್ತು ಬಣ್ಣದ ಮಾಹಿತಿ ಒಂದೇ ತಂತಿಯಲ್ಲಿ ಬೆರೆತು ಹೋಗುತ್ತದೆ. ನಾಲ್ಕು ಪಿನ್‌ಗಳ ದುಂಡನೆಯ ಎಸ್-ವಿಡಿಯೊ ಕೇಬಲ್ಲಿನಲ್ಲಿ ಈ ಎರಡೂ ಬೇರೆ ಬೇರೆಯಾಗಿ ಸಾಗುವುದರಿಂದ ಚಿತ್ರ ಹೆಚ್ಚು ಸ್ಪಷ್ಟವಾಗಿರುತ್ತದೆ. ಹೈ8 ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಎಸ್-ವಿಡಿಯೊ ಇರುತ್ತದೆ. ಇದ್ದಲ್ಲಿ ಹಳದಿ ಪ್ಲಗ್‌ಗಿಂತ ಅದನ್ನೇ ಆರಿಸಿಕೊಳ್ಳುವುದು ಮೇಲು. ಎಸ್-ವಿಡಿಯೊ ಧ್ವನಿಯನ್ನು ಸಾಗಿಸುವುದಿಲ್ಲ. ಆದ್ದರಿಂದ ಬಿಳಿ ಮತ್ತು ಕೆಂಪು ಪ್ಲಗ್‌ಗಳನ್ನು ಜೊತೆಗೇ ಜೋಡಿಸಬೇಕಾಗುತ್ತದೆ.

ಚಿಕ್ಕ ಕ್ಯಾಮ್‌ಕಾರ್ಡರ್‌ಗಳಲ್ಲಿ ಮೂರು ತೂತುಗಳ ಬದಲು 3.5 ಮಿಲಿಮೀಟರಿನ ಒಂದೇ ಎವಿ ತೂತು ಇರುತ್ತದೆ. ಅದರ ಪ್ಲಗ್‌ನ ಮೇಲೆ ಮೂರು ಕಪ್ಪು ಪಟ್ಟಿಗಳಿದ್ದು ನಾಲ್ಕು ಸಂಪರ್ಕ ಭಾಗಗಳಿರುತ್ತವೆ. ಈ ಭಾಗಗಳ ಜೋಡಣೆಯ ಕ್ರಮ ಎಲ್ಲ ಕಂಪನಿಗಳಲ್ಲಿ ಒಂದೇ ಅಲ್ಲ. ಬೇರೆ ಕಂಪನಿಯ ಕೇಬಲ್ ಹಾಕಿದಾಗ ಚಿತ್ರ ಬಾರದೆ ಗುಂಯ್‌ಗುಟ್ಟುವ ಸದ್ದು ಮಾತ್ರ ಕೇಳಿಬಂದರೆ ಕ್ಯಾಮೆರಾ ಕೆಟ್ಟಿದೆ ಎಂದು ತಿಳಿಯಬೇಕಿಲ್ಲ. ಬಣ್ಣಗಳನ್ನು ಅದಲುಬದಲು ಮಾಡಿ, ಕೆಂಪು ಪ್ಲಗ್‌ ಅನ್ನು ಹಳದಿ ತೂತಿಗೆ ಹಾಕಿದಾಗ ಚಿತ್ರ ಬರುವುದುಂಟು. ಹೆಡ್‌ಫೋನ್ ತಂತಿಯ ಪ್ಲಗ್ ಇದೇ ಗಾತ್ರದ್ದಾದರೂ ಅದರಲ್ಲಿ ಚಿತ್ರ ಸಾಗುವುದಿಲ್ಲ.

ಕಂಪ್ಯೂಟರಿನ ಬದಿಯಲ್ಲಿ ಯುಎಸ್‌ಬಿ ವಿಡಿಯೊ ಕ್ಯಾಪ್ಚರ್ ಸಾಧನ ಬೇಕು. ಅದರ ತಂತ್ರಾಂಶದಲ್ಲಿ ಚಿತ್ರದ ಪದ್ಧತಿಯನ್ನು ಸರಿಯಾಗಿ ಆಯ್ಕೆ ಮಾಡಬೇಕು. ಭಾರತದಲ್ಲಿ ಬಳಕೆಯಲ್ಲಿದ್ದುದು 625 ಗೆರೆಗಳ, ಸೆಕೆಂಡಿಗೆ 25 ಚೌಕಟ್ಟುಗಳ ಪಾಲ್ ಪದ್ಧತಿ. ಅಮೆರಿಕ, ಕೆನಡಾ ಮತ್ತು ಜಪಾನ್‌ಗಳಲ್ಲಿ 525 ಗೆರೆಗಳ ಎನ್‌ಟಿಎಸ್‌ಸಿ ಪದ್ಧತಿ ಇತ್ತು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿ ಕೊಂಡ ಕ್ಯಾಮೆರಾದಲ್ಲಿ ಊರಿನ ಸಮಾರಂಭಗಳನ್ನು ಚಿತ್ರೀಕರಿಸಿದ್ದರೆ, ಚಿತ್ರೀಕರಣ ಕರ್ನಾಟಕದಲ್ಲೇ ನಡೆದಿದ್ದರೂ ಟೇಪ್ ಎನ್‌ಟಿಎಸ್‌ಸಿಯದು. ಪದ್ಧತಿ ತಪ್ಪಿದರೆ ಚಿತ್ರ ಉರುಳುತ್ತದೆ ಅಥವಾ ಕಪ್ಪು-ಬಿಳುಪಾಗಿ ಕಾಣುತ್ತದೆ.

ವಿಎಚ್‌ಎಸ್-ಸಿ ಕ್ಯಾಸೆಟ್‌ ಅನ್ನು ಅದರದೇ ಅಡಾಪ್ಟರಿನಲ್ಲಿಟ್ಟು ಸಾಮಾನ್ಯ ವಿಎಚ್‌ಎಸ್ ವಿಸಿಆರ್‌ನಲ್ಲಿ ಓಡಿಸಬಹುದು. ವಿಡಿಯೊ8, ಹೈ8 ಮತ್ತು ಮಿನಿಡಿವಿ ಟೇಪ್‌ಗಳ ಅಗಲ ಬೇರೆಯಾದುದರಿಂದ ಅವುಗಳಿಗೆ ಅಂತಹ ಅಡಾಪ್ಟರ್ ಇಲ್ಲ.

## ಫೈರ್‌ವೈರ್

ಮಿನಿಡಿವಿ, ಡಿಜಿಟಲ್8 ಮತ್ತು ಎಚ್‌ಡಿವಿ ಕ್ಯಾಮ್‌ಕಾರ್ಡರ್‌ಗಳ ಮುಖ್ಯ ಸಂಪರ್ಕ ಫೈರ್‌ವೈರ್. ಈ ಕೇಬಲ್ಲಿನಲ್ಲಿ ಸಾಗುವುದು ಟೇಪಿನಲ್ಲಿ ದಾಖಲಾದ ಅಂಕಿಗಳೇ ಆದುದರಿಂದ ವರ್ಗಾವಣೆಯಲ್ಲಿ ಚಿತ್ರದ ಗುಣಮಟ್ಟ ಕುಂದುವುದಿಲ್ಲ. ದುಬಾರಿ ಕೇಬಲ್ಲಿನಿಂದ ಚಿತ್ರ ಹೆಚ್ಚು ಚೆನ್ನಾಗಿ ಬರುವುದೂ ಇಲ್ಲ. ಚಿತ್ರೀಕರಣದ ದಿನಾಂಕ ಮತ್ತು ವೇಳೆಯ ಮಾಹಿತಿಯೂ ದೃಶ್ಯದ ಜೊತೆಗೇ ಬರುತ್ತದೆ. ಕಂಪ್ಯೂಟರಿನಿಂದಲೇ ಟೇಪನ್ನು ಓಡಿಸುವ, ನಿಲ್ಲಿಸುವ ಮತ್ತು ಹಿಂದಕ್ಕೆ ಸುತ್ತುವ ಅನುಕೂಲವೂ ಇದೆ.

ಫೈರ್‌ವೈರ್ ಕನೆಕ್ಟರ್‌ಗಳು ಮೂರು ಬಗೆಯವು:

* 4 ಪಿನ್: ಕ್ಯಾಮ್‌ಕಾರ್ಡರ್‌ಗಳಲ್ಲಿ ಮತ್ತು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇರುವ ಚಿಕ್ಕ ತೂತು. ಇದರಲ್ಲಿ ವಿದ್ಯುತ್ ಪೂರೈಕೆ ಇಲ್ಲ.
* 6 ಪಿನ್: ಮೇಜಿನ ಮೇಲಿಡುವ ಕಂಪ್ಯೂಟರ್‌ಗಳಲ್ಲಿ ಇರುವ ದೊಡ್ಡ ತೂತು. ಇದರಲ್ಲಿ 30 ವೋಲ್ಟ್‌ವರೆಗಿನ ವಿದ್ಯುತ್ ಪೂರೈಕೆ ಇರಬಹುದು.
* 9 ಪಿನ್: 2002ರಲ್ಲಿ ಅಂಗೀಕಾರವಾದ ಐಇಇಇ 1394ಬಿ ಮಾನದಂಡದ, ಅಂದರೆ ಫೈರ್‌ವೈರ್ 800ರ ಕನೆಕ್ಟರ್.

ಕ್ಯಾಮ್‌ಕಾರ್ಡರ್ ಜೋಡಿಸಲು ಸಾಮಾನ್ಯವಾಗಿ ಬೇಕಾಗುವುದು 4 ಪಿನ್‌ನಿಂದ 6 ಪಿನ್‌ಗೆ ಅಥವಾ 4 ಪಿನ್‌ನಿಂದ 4 ಪಿನ್‌ಗೆ ಹೋಗುವ ಕೇಬಲ್. ಅದರ ಉದ್ದ 4.5 ಮೀಟರ್ ಮೀರಬಾರದು. 6 ಪಿನ್‌ನ ಪ್ಲಗ್‌ ಅನ್ನು ಬಲವಂತವಾಗಿ ತಲೆಕೆಳಗಾಗಿ ತುರುಕಿದರೆ ವಿದ್ಯುತ್ ತಪ್ಪು ಪಿನ್‌ಗೆ ಹರಿದು ಕ್ಯಾಮೆರಾದ ಪೋರ್ಟ್ ಶಾಶ್ವತವಾಗಿ ಸುಟ್ಟುಹೋಗಬಹುದು. ಮೊದಲು ಕಂಪ್ಯೂಟರಿನ ಬದಿಯನ್ನು ಸರಿಯಾದ ದಿಕ್ಕಿನಲ್ಲಿ ಜೋಡಿಸಿ, ಕ್ಯಾಮೆರಾ ಆರಿಸಿದ ಸ್ಥಿತಿಯಲ್ಲಿ ಇನ್ನೊಂದು ತುದಿಯನ್ನು ಜೋಡಿಸಿ, ಬಳಿಕ ಕ್ಯಾಮೆರಾವನ್ನು ಚಾಲೂ ಮಾಡುವುದು ಸುರಕ್ಷಿತ ಕ್ರಮ.

ಡಿವಿ ದೃಶ್ಯದ ವೇಗ ಸೆಕೆಂಡಿಗೆ ಸುಮಾರು 25 ಮೆಗಾಬಿಟ್. ಧ್ವನಿ ಮತ್ತು ಇತರ ಮಾಹಿತಿ ಸೇರಿ ಒಂದು ಗಂಟೆಯ ಕ್ಯಾಸೆಟ್ ಕಂಪ್ಯೂಟರಿನಲ್ಲಿ ಸುಮಾರು 13 ಗಿಗಾಬೈಟ್ ಜಾಗ ಹಿಡಿಯುತ್ತದೆ. ಫೈರ್‌ವೈರ್ 400ರ ಸಾಮರ್ಥ್ಯ ಸೆಕೆಂಡಿಗೆ 400 ಮೆಗಾಬಿಟ್ ಇರುವುದರಿಂದ ಈ ಪ್ರವಾಹಕ್ಕೆ ಅಡಚಣೆಯಾಗುವುದಿಲ್ಲ.

### ಯುಎಸ್‌ಬಿ-ಫೈರ್‌ವೈರ್ ಕೇಬಲ್ ಎಂಬ ತಪ್ಪು ಗ್ರಹಿಕೆ

ಒಂದು ತುದಿಯಲ್ಲಿ ಫೈರ್‌ವೈರ್, ಇನ್ನೊಂದು ತುದಿಯಲ್ಲಿ ಯುಎಸ್‌ಬಿ ಪ್ಲಗ್ ಇರುವ ಅಗ್ಗದ ಕೇಬಲ್‌ಗಳು ಮಾರಾಟಕ್ಕಿವೆ. ಇವುಗಳಿಂದ ಡಿವಿ ದೃಶ್ಯ ವರ್ಗಾವಣೆಯಾಗುವುದಿಲ್ಲ. ಎರಡೂ ಸಂಪರ್ಕಗಳ ಸಂಭಾಷಣೆಯ ನಿಯಮಗಳೇ ಬೇರೆಯಾಗಿದ್ದು, ತಂತಿಗಳನ್ನು ಒಂದಕ್ಕೊಂದು ಬೆಸೆದ ಮಾತ್ರಕ್ಕೆ ಅನುವಾದ ನಡೆಯುವುದಿಲ್ಲ. 6 ಪಿನ್‌ನ ವಿದ್ಯುತ್ ಪೂರೈಕೆ ಯುಎಸ್‌ಬಿಯ 5 ವೋಲ್ಟ್‌ಗಿಂತ ಬಹಳ ಹೆಚ್ಚಾಗಿರುವುದರಿಂದ ಇಂತಹ ಕೇಬಲ್‌ಗಳಿಂದ ಉಪಕರಣಕ್ಕೆ ಹಾನಿಯೂ ಆಗಬಹುದು.

### ಪೋರ್ಟ್ ಇಲ್ಲದ ಕಂಪ್ಯೂಟರ್‌ಗಳು

ಮೇಜಿನ ಮೇಲಿಡುವ ಕಂಪ್ಯೂಟರಿಗೆ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಹಾಕಬಹುದು. ಎಕ್ಸ್‌ಪ್ರೆಸ್‌ಕಾರ್ಡ್ ಕಿಂಡಿ ಇರುವ ಹಳೆಯ ಲ್ಯಾಪ್‌ಟಾಪ್‌ಗಳಿಗೂ ಅಂತಹ ಕಾರ್ಡ್‌ಗಳಿದ್ದವು. ಥಂಡರ್‌ಬೋಲ್ಟ್ ಇರುವ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಒಂದರ ಹಿಂದೊಂದರಂತೆ ಅಡಾಪ್ಟರ್‌ಗಳನ್ನು ಜೋಡಿಸಿ ಕೆಲಸ ಸಾಧಿಸಬಹುದಿತ್ತು. ಆದರೆ 2025ರಲ್ಲಿ ಬಂದ ಮ್ಯಾಕ್‌ಒಎಸ್ ಟಾಹೋ ಆವೃತ್ತಿಯಲ್ಲಿ ಫೈರ್‌ವೈರ್ ಬೆಂಬಲವನ್ನು ತೆಗೆಯಲಾಗಿದೆ. ಹೀಗಾಗಿ ಫೈರ್‌ವೈರ್ ಪೋರ್ಟ್ ಇರುವ, ಚಾಲೂ ಸ್ಥಿತಿಯಲ್ಲಿರುವ ಹಳೆಯ ಕಂಪ್ಯೂಟರೊಂದನ್ನು ಹುಡುಕಿ ಬಳಸುವುದು ಎಷ್ಟೋ ವೇಳೆ ಅತ್ಯಂತ ಸುಲಭದ ಮಾರ್ಗ. ವಿಂಡೋಸ್‌ನಲ್ಲಿ ವಿನ್‌ಡಿವಿ, ಲಿನಕ್ಸ್‌ನಲ್ಲಿ ಡಿವಿಗ್ರ್ಯಾಬ್ ಈ ಕೆಲಸಕ್ಕೆ ಬಳಕೆಯಲ್ಲಿರುವ ಉಚಿತ ತಂತ್ರಾಂಶಗಳು.

## ಯುಎಸ್‌ಬಿ

ಮೆಮೊರಿ ಕಾರ್ಡು, ಒಳಗಿನ ಮೆಮೊರಿ ಅಥವಾ ಹಾರ್ಡ್ ಡಿಸ್ಕ್ ಬಳಸುವ ಕ್ಯಾಮ್‌ಕಾರ್ಡರ್‌ಗಳಿಗೆ ಯುಎಸ್‌ಬಿ ಕೇಬಲ್ ಸಾಕು. ಕ್ಯಾಮೆರಾದ ಬದಿಯ ಪ್ಲಗ್ ಮಿನಿ-ಬಿ, ಮೈಕ್ರೊ-ಬಿ ಅಥವಾ ಟೈಪ್-ಸಿ ಆಗಿರಬಹುದು. ಕೆಲವು ಮಾದರಿಗಳಲ್ಲಿ ಆಯಾ ಕಂಪನಿಯದೇ ವಿಶೇಷ ಪ್ಲಗ್ ಇರುತ್ತದೆ. ಮೊಬೈಲ್ ಚಾರ್ಜಿಂಗ್‌ಗೆಂದೇ ಮಾಡಿದ ಕೆಲವು ಕೇಬಲ್‌ಗಳಲ್ಲಿ ದತ್ತಾಂಶ ಸಾಗಿಸುವ ತಂತಿಗಳೇ ಇರುವುದಿಲ್ಲ. ಅಂತಹ ಕೇಬಲ್ ಹಾಕಿದರೆ ಕ್ಯಾಮೆರಾ ಚಾರ್ಜ್ ಆದರೂ ಕಂಪ್ಯೂಟರಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕಾರ್ಡ್ ಹೊರತೆಗೆಯಲು ಬರುವಂತಿದ್ದರೆ ಕಾರ್ಡ್ ರೀಡರ್ ಮೂಲಕವೂ ಕಡತಗಳನ್ನು ನಕಲು ಮಾಡಬಹುದು. ಆಗ ಕೇಬಲ್ಲೇ ಬೇಕಾಗುವುದಿಲ್ಲ.

ಎವಿಸಿಎಚ್‌ಡಿ ಕ್ಯಾಮೆರಾಗಳಲ್ಲಿ ಉದ್ದನೆಯ ಚಿತ್ರೀಕರಣವು ಹಲವು ಕಡತಗಳಾಗಿ ಒಡೆದಿರುತ್ತದೆ. ಕಾರ್ಡ್‌ಗಳಲ್ಲಿ ಬಳಸುವ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಕಡತ 4 ಗಿಗಾಬೈಟ್ ಮೀರುವಂತಿಲ್ಲ ಎಂಬುದು ಇದಕ್ಕೆ ಮುಖ್ಯ ಕಾರಣ. ದೃಶ್ಯದ ಕಡತಗಳನ್ನು ಮಾತ್ರ ಎತ್ತಿಕೊಳ್ಳದೆ ಕಾರ್ಡಿನಲ್ಲಿರುವ ಇಡೀ ಫೋಲ್ಡರನ್ನು ನಕಲು ಮಾಡಿದರೆ ಅವುಗಳ ಅನುಕ್ರಮದ ಮಾಹಿತಿ ಉಳಿಯುತ್ತದೆ.

ಮಿನಿಡಿವಿ ಕ್ಯಾಮೆರಾಗಳಲ್ಲೂ ಯುಎಸ್‌ಬಿ ಪೋರ್ಟ್ ಇರುವುದುಂಟು. ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ. ಅನೇಕ ಮಾದರಿಗಳಲ್ಲಿ ಆ ಪೋರ್ಟ್ ಇರುವುದು ಕಾರ್ಡಿನಲ್ಲಿರುವ ಸ್ಥಿರಚಿತ್ರಗಳನ್ನು ನಕಲು ಮಾಡಲು ಅಥವಾ ಕ್ಯಾಮೆರಾವನ್ನು ವೆಬ್‌ಕ್ಯಾಮ್ ಆಗಿ ಬಳಸಲು ಮಾತ್ರ. ಮೊದಲ ತಲೆಮಾರಿನ ಯುಎಸ್‌ಬಿಯ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. 25 ಮೆಗಾಬಿಟ್‌ನ ಡಿವಿ ಪ್ರವಾಹಕ್ಕೆ ಅದು ಸಾಲದು. 2000ದಲ್ಲಿ ಬಂದ ಯುಎಸ್‌ಬಿ 2.0ರ ವೇಗ 480 ಮೆಗಾಬಿಟ್ ಆಗಿದ್ದರೂ ಡಿವಿಯನ್ನು ಅದರ ಮೂಲಕ ಕಳುಹಿಸುವ ವ್ಯವಸ್ಥೆಯನ್ನು ಕೆಲವೇ ಮಾದರಿಗಳಲ್ಲಿ ಅಳವಡಿಸಲಾಯಿತು. ಆದ್ದರಿಂದ ಯುಎಸ್‌ಬಿ ಮೂಲಕ ಟೇಪಿನ ದೃಶ್ಯ ಮಸುಕಾಗಿ, ಚಿಕ್ಕದಾಗಿ ಬಂದರೆ ಅದು ಟೇಪಿನ ದೋಷವಲ್ಲ. ಅದೇ ಟೇಪಿನ ಪೂರ್ಣ ಗುಣಮಟ್ಟದ ದೃಶ್ಯ ಫೈರ್‌ವೈರ್ ಮೂಲಕ ದೊರೆಯುತ್ತದೆ.

## ಎಚ್‌ಡಿಎಂಐ

ಹೈ-ಡೆಫಿನಿಷನ್ ಕ್ಯಾಮ್‌ಕಾರ್ಡರ್‌ಗಳಲ್ಲಿರುವ ಎಚ್‌ಡಿಎಂಐ ಪೋರ್ಟ್ ಟಿವಿಗೆ ಜೋಡಿಸಲು ಇರುವಂಥದ್ದು. ಸಾಮಾನ್ಯ ಲ್ಯಾಪ್‌ಟಾಪಿನ ಎಚ್‌ಡಿಎಂಐ ಪೋರ್ಟ್ ಕೂಡ ಚಿತ್ರವನ್ನು ಹೊರಗೆ ಕಳುಹಿಸುವಂಥದ್ದೇ. ಎರಡನ್ನೂ ಜೋಡಿಸಿದರೆ ಏನೂ ಆಗುವುದಿಲ್ಲ, ಏಕೆಂದರೆ ಎರಡೂ ಕಡೆಯವರು ಮಾತನಾಡುತ್ತಿದ್ದು ಕೇಳುವವರೇ ಇಲ್ಲದಂತಾಗುತ್ತದೆ. ಈ ಮಾರ್ಗದಲ್ಲಿ ದೃಶ್ಯ ಪಡೆಯಲು ಎಚ್‌ಡಿಎಂಐ ಕ್ಯಾಪ್ಚರ್ ಸಾಧನ ಬೇಕು. ನೇರ ಪ್ರಸಾರಕ್ಕೆ ಇದು ಉಪಯುಕ್ತ. ಕಾರ್ಡಿನಲ್ಲಿ ಈಗಾಗಲೇ ಇರುವ ಕಡತಗಳನ್ನು ಪಡೆಯಲು ಇದರ ಅಗತ್ಯವಿಲ್ಲ.

## ಹೋಲಿಕೆ

| ದಾಖಲೆಯ ವಿಧಾನ | ಬೇಕಾದ ಕೇಬಲ್ | ಕಂಪ್ಯೂಟರಿನ ಬದಿ | ತಗಲುವ ಸಮಯ |
|---|---|---|---|
| ವಿಎಚ್‌ಎಸ್, ವಿಎಚ್‌ಎಸ್-ಸಿ, ವಿಡಿಯೊ8 | ಸಂಯೋಜಿತ ವಿಡಿಯೊ | ಕ್ಯಾಪ್ಚರ್ ಸಾಧನ | ಟೇಪಿನ ಅವಧಿಯಷ್ಟು |
| ಹೈ8 | ಎಸ್-ವಿಡಿಯೊ ಮತ್ತು ಧ್ವನಿ ಕೇಬಲ್ | ಕ್ಯಾಪ್ಚರ್ ಸಾಧನ | ಟೇಪಿನ ಅವಧಿಯಷ್ಟು |
| ಮಿನಿಡಿವಿ, ಡಿಜಿಟಲ್8, ಎಚ್‌ಡಿವಿ | ಫೈರ್‌ವೈರ್ | ಫೈರ್‌ವೈರ್ ಪೋರ್ಟ್ ಅಥವಾ ಕಾರ್ಡ್ | ಟೇಪಿನ ಅವಧಿಯಷ್ಟು |
| ಎವಿಸಿಎಚ್‌ಡಿ ಮತ್ತು ಇತರ ಕಡತಗಳು | ಯುಎಸ್‌ಬಿ | ಯುಎಸ್‌ಬಿ ಪೋರ್ಟ್ ಅಥವಾ ಕಾರ್ಡ್ ರೀಡರ್ | ಸಾಮಾನ್ಯವಾಗಿ ಅವಧಿಗಿಂತ ಕಡಿಮೆ |

ಡಿಜಿಟಲ್8ರ ಕೆಲವು ಕ್ಯಾಮ್‌ಕಾರ್ಡರ್‌ಗಳು ಹಳೆಯ ವಿಡಿಯೊ8 ಮತ್ತು ಹೈ8 ಟೇಪ್‌ಗಳನ್ನೂ ಓದಬಲ್ಲವು. ಅಂತಹ ಕ್ಯಾಮೆರಾ ದೊರೆತರೆ ಅನಲಾಗ್ ಟೇಪನ್ನೂ ಫೈರ್‌ವೈರ್ ಮೂಲಕವೇ ಕಂಪ್ಯೂಟರಿಗೆ ಕಳುಹಿಸಬಹುದು. ಪ್ರತ್ಯೇಕ ಕ್ಯಾಪ್ಚರ್ ಸಾಧನ ಬೇಕಾಗುವುದಿಲ್ಲ.

## ಕರ್ನಾಟಕದಲ್ಲಿ

ಕರ್ನಾಟಕದ ಹಳ್ಳಿ-ಪಟ್ಟಣಗಳಲ್ಲಿ ಕ್ಯಾಮ್‌ಕಾರ್ಡರ್ ಹೆಚ್ಚಾಗಿ ಬಳಕೆಯಾದುದು ವೃತ್ತಿನಿರತ ವಿಡಿಯೊಗ್ರಾಫರ್‌ಗಳ ಕೈಯಲ್ಲಿ. ಮದುವೆ, ಗೃಹಪ್ರವೇಶ, ಜಾತ್ರೆ ಮತ್ತು ಶಾಲಾ ವಾರ್ಷಿಕೋತ್ಸವಗಳ ಚಿತ್ರೀಕರಣದಲ್ಲಿ ಮೊದಲು ಭುಜದ ಮೇಲೆ ಹೊರುವ ವಿಎಚ್‌ಎಸ್ ಕ್ಯಾಮೆರಾಗಳೂ ಬಳಿಕ ಮಿನಿಡಿವಿ ಕ್ಯಾಮೆರಾಗಳೂ ಬಳಕೆಗೆ ಬಂದವು. ಮನೆಯವರ ಕೈಸೇರುತ್ತಿದ್ದುದು ಬಹುತೇಕ ಸಂಕಲಿಸಿದ ವಿಎಚ್‌ಎಸ್ ಕ್ಯಾಸೆಟ್, ವಿಸಿಡಿ ಅಥವಾ ಡಿವಿಡಿ. ವಿಸಿಡಿ ಮತ್ತು ಡಿವಿಡಿಗಳಿಗೆ ಯಾವ ಕೇಬಲ್ಲೂ ಬೇಡ, ಡಿಸ್ಕ್ ಓದುವ ಡ್ರೈವ್ ಇದ್ದರೆ ಸಾಕು. ಆದರೆ ಪಾಲ್ ವಿಸಿಡಿಯ ಚಿತ್ರದ ಗಾತ್ರ 352×288 ಚುಕ್ಕೆಗಳಷ್ಟೇ. ಮಿನಿಡಿವಿ ಮೂಲ ಟೇಪಿನಲ್ಲಿ ಅದು 720×576. ಆದ್ದರಿಂದ ಮೂಲ ಟೇಪ್ ಉಳಿದಿದ್ದರೆ ಅದರಿಂದಲೇ ಹೊಸದಾಗಿ ವರ್ಗಾಯಿಸುವುದು ಉತ್ತಮ.

ಧಾರವಾಡ ಜಿಲ್ಲೆಯ ಕುಂದಗೋಳವು ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ (1886–1952) ಊರಾಗಿದ್ದು, ಅಲ್ಲಿನ ನಾಡಗೀರ ವಾಡೆಯಲ್ಲಿ ಅವರ ಸ್ಮರಣೆಯ ಸಂಗೀತೋತ್ಸವ ನಡೆಯುತ್ತ ಬಂದಿದೆ. ಇಂತಹ ಪ್ರಸಿದ್ಧ ವೇದಿಕೆಗಳ ಗಾಯನವನ್ನು ದಾಖಲಿಸುವವರು ಹಲವರಿರುತ್ತಾರೆ. ಅದೇ ತಾಲ್ಲೂಕಿನ ಕುಬಿಹಾಳದಂತಹ ಗ್ರಾಮಗಳ ಭಜನೆ, ಡೊಳ್ಳು, ಸಣ್ಣಾಟ, ತೇರು ಮತ್ತು ಕಾರಹುಣ್ಣಿಮೆಯ ದೃಶ್ಯಗಳಿಗೆ ಅಂತಹ ಅನುಕೂಲವಿಲ್ಲ. ಹಳ್ಳಿಯ ಕಲಾವಿದರೊಬ್ಬರ ಅಥವಾ ಮನೆಯ ಹಿರಿಯರೊಬ್ಬರ ನಡೆ-ನುಡಿ ಉಳಿದಿರುವುದು ಟ್ರಂಕಿನಲ್ಲಿರುವ ಒಂದೇ ಕ್ಯಾಸೆಟ್‌ನಲ್ಲಿ ಎಂಬ ಸ್ಥಿತಿ ಅಪರೂಪವಲ್ಲ. ಆ ಕ್ಯಾಸೆಟ್‌ಗೆ ಬೇಕಾದ ಕೇಬಲ್ ಅಥವಾ ಫೈರ್‌ವೈರ್ ಕಾರ್ಡ್ ಇಂದು ಹಳ್ಳಿಯ ಮೊಬೈಲ್ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಅದಕ್ಕಾಗಿ ಹುಬ್ಬಳ್ಳಿಯಂತಹ ನಗರದ ಹಳೆಯ ಸ್ಟುಡಿಯೊ ಮತ್ತು ಕಂಪ್ಯೂಟರ್ ದುರಸ್ತಿ ಅಂಗಡಿಗಳಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಅಥವಾ ಆನ್‌ಲೈನ್ ಅಂಗಡಿಗಳಲ್ಲಿ ಹುಡುಕಬೇಕಾಗುತ್ತದೆ. ಖರೀದಿಗೆ ಮುನ್ನ ಕ್ಯಾಮೆರಾದ ಮಾದರಿ ಸಂಖ್ಯೆ, ಕ್ಯಾಸೆಟ್ ಮೇಲಿನ ಗುರುತು ಮತ್ತು ಎರಡೂ ಯಂತ್ರಗಳ ಪೋರ್ಟ್‌ಗಳ ಚಿತ್ರ ಜೊತೆಗಿದ್ದರೆ ತಪ್ಪು ಕೇಬಲ್ ಕೊಳ್ಳುವ ಸಾಧ್ಯತೆ ಕಡಿಮೆ.

ಟೇಪಿನ ವರ್ಗಾವಣೆ ಗಂಟೆಗಟ್ಟಲೆ ನಡೆಯುವುದರಿಂದ ವಿದ್ಯುತ್ ಕಡಿತವಿರುವ ಕಡೆ ಬ್ಯಾಟರಿ ಸುಸ್ಥಿತಿಯಲ್ಲಿರುವ ಲ್ಯಾಪ್‌ಟಾಪ್ ಅಥವಾ ಯುಪಿಎಸ್ ಬಳಸುವುದು ಅನುಕೂಲ. 

## ಟೇಪ್‌ಗಳ ಸಂರಕ್ಷಣೆ

ಕಾಂತೀಯ ಟೇಪ್ ಕಾಲಕ್ರಮೇಣ ಹಾಳಾಗುತ್ತದೆ. ಟೇಪಿನ ಮೇಲಿನ ಕಾಂತೀಯ ಕಣಗಳನ್ನು ಹಿಡಿದಿಡುವ ಅಂಟು ಸಡಿಲವಾಗುತ್ತದೆ. ಮಲೆನಾಡು, ಕರಾವಳಿಯಂತಹ ತೇವವಿರುವ ಕಡೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಟೇಪನ್ನು ಹಾಗೆಯೇ ಓಡಿಸಿದರೆ ಕ್ಯಾಮೆರಾದ ಹೆಡ್ ಕೊಳೆಯಾಗಿ, ಅದರಲ್ಲಿ ಮುಂದೆ ಹಾಕುವ ಒಳ್ಳೆಯ ಟೇಪ್‌ಗಳಿಗೂ ತೊಂದರೆಯಾಗುತ್ತದೆ.

ಟೇಪಿಗಿಂತ ಮೊದಲು ಅದನ್ನು ಓದುವ ಯಂತ್ರಗಳೇ ಇಲ್ಲವಾಗುವ ಸಂಭವ ಹೆಚ್ಚು. ವಿಎಚ್‌ಎಸ್ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲಿ ತಯಾರಿಕೆ ನಿಲ್ಲಿಸಿತು. ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಭಂಡಾರವು 2015ರಲ್ಲೇ ನೀಡಿದ ಎಚ್ಚರಿಕೆಯಂತೆ, 2025ರೊಳಗೆ ಡಿಜಿಟಲ್ ರೂಪಕ್ಕೆ ತಾರದ ಟೇಪ್‌ಗಳು ಬಹುಪಾಲು ಕೈತಪ್ಪಿಹೋಗುವ ಅಪಾಯವಿತ್ತು. ಆ ಗಡುವು ಈಗ ಮುಗಿದಿದೆ. ಚಾಲೂ ಇರುವ ಕ್ಯಾಮ್‌ಕಾರ್ಡರ್ ಮತ್ತು ಅದಕ್ಕೆ ಹೊಂದುವ ಕೇಬಲ್ ದೊರೆತ ಕಡೆ ವರ್ಗಾವಣೆಯನ್ನು ಮುಂದೂಡದಿರುವುದು ಒಳ್ಳೆಯದು.

ವರ್ಗಾವಣೆಯ ಮುನ್ನ ಕ್ಯಾಸೆಟ್ ಅಂಚಿನ ದಾಖಲೆ ತಡೆಯನ್ನು 'ಸೇವ್' ಎಂಬ ಬದಿಗೆ ಸರಿಸಿದರೆ ಹಳೆಯ ದೃಶ್ಯ ಅಕಸ್ಮಾತ್ ಅಳಿಸಿಹೋಗುವುದಿಲ್ಲ. ವಿಎಚ್‌ಎಸ್ ಕ್ಯಾಸೆಟ್‌ನಲ್ಲಾದರೆ ಅಂಚಿನ ಪ್ಲಾಸ್ಟಿಕ್ ತುಣುಕನ್ನು ಮುರಿಯಬೇಕು. ಮಿನಿಡಿವಿ ದೃಶ್ಯವನ್ನು ಮೂಲ ಡಿವಿ ರೂಪದಲ್ಲೇ ಇಟ್ಟುಕೊಂಡು, ಮೊಬೈಲಿನಲ್ಲಿ ನೋಡಲು ಮತ್ತು ಹಂಚಲು ಪ್ರತ್ಯೇಕವಾಗಿ ಚಿಕ್ಕ ಕಡತ ಮಾಡಿಕೊಳ್ಳುವುದು ರೂಢಿ. ಕನಿಷ್ಠ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇರಿಸಬೇಕು. ಕಡತದ ಹೆಸರಿನಲ್ಲಿ ಊರು, ಸಂದರ್ಭ ಮತ್ತು ವರ್ಷವನ್ನು ನಮೂದಿಸಿದರೆ ಮುಂದಿನ ತಲೆಮಾರಿನವರಿಗೆ ಗುರುತಿಸಲು ಸುಲಭ. ದೃಶ್ಯದಲ್ಲಿರುವವರನ್ನು ಬಲ್ಲ ಹಿರಿಯರು ಇರುವಾಗಲೇ ಅವರ ಹೆಸರುಗಳನ್ನೂ ಬರೆದಿಟ್ಟುಕೊಂಡರೆ ಆ ದಾಖಲೆಯ ಬೆಲೆ ಹೆಚ್ಚುತ್ತದೆ. ವರ್ಗಾವಣೆ ಮುಗಿದ ಮೇಲೂ ಮೂಲ ಟೇಪನ್ನು ಎಸೆಯದೆ, ಪೂರ್ತಿ ಒಂದು ಬದಿಗೆ ಸುತ್ತಿ, ಬಿಸಿಲು ಮತ್ತು ತೇವ ತಾಗದ ಕಡೆ, ಸ್ಪೀಕರ್‌ನಂತಹ ಆಯಸ್ಕಾಂತವಿರುವ ವಸ್ತುಗಳಿಂದ ದೂರದಲ್ಲಿ ನೆಟ್ಟಗೆ ನಿಲ್ಲಿಸಿ ಇಡಲಾಗುತ್ತದೆ.